ಅಳಿಸುವ ಮುನ್ನ ಒಂದು ಸಹಿ

"ಇದನ್ನ ಕೊಂದವರು ಯಾರು?"

ಕೌಂಟರಿನ ಹಿಂದೆ ಕೂತಿದ್ದವನು ತಲೆಯನ್ನೂ ಎತ್ತದೆ ಕೇಳಿದ.

ನೆವೆನಾಳ ಮೈ ಉರಿದುಹೋಯಿತು. ಕಂಪ್ಯೂಟರ್ ರಿಪೇರಿಗೆಂದು ಬಂದವಳು ಕೊಲೆಗಾತಿ ಅನ್ನಿಸಿಕೊಳ್ಳಬೇಕೇ!

"ಏನ್ರೀ ಹಾಗಂದ್ರೆ? ಮಗು ಥರ ನೋಡ್ಕೊಂಡಿದೀನಿ. ಪ್ರತಿ ಭಾನುವಾರ ತಪ್ಪದೆ ಡಿಫ್ರಾಗ್ ಮಾಡ್ತೀನಿ!"

ಈಗ ಅವನು ತಲೆ ಎತ್ತಿದ. ನಿದ್ದೆಗೆಟ್ಟ ಕಣ್ಣು, ಅರ್ಧ ಬೋಳಿಸಿದ ಗಡ್ಡ.

"ಅದಕ್ಕೇ ಸತ್ತಿದೆ. ಡಿಫ್ರಾಗ್ ಅಂದ್ರೆ ಚದುರಿದ್ದನ್ನ ಎತ್ತಿ ಜೋಡಿಸೋದು, ಅದೆಲ್ಲ ಹಳೇ ಕಾಲದ ತಿರುಗೋ ಡಿಸ್ಕಿಗೆ. ಇದು ಎಸ್‌ಎಸ್‌ಡಿ, ತಿರುಗೋದೇ ಇಲ್ಲ. ಒಂದೊಂದು ಸಲ ಬರೆದಾಗಲೂ ಇದರ ಆಯಸ್ಸು ಚೂರು ಸವೆಯುತ್ತೆ. ನೀವು ವಾರವಾರ ಎಲ್ಲಾನೂ ಎತ್ತಿ ಎತ್ತಿ ಇಟ್ಟು ಸವೆಸಿ ಹಾಕಿದೀರ. ಯಾವ ಮಹಾನುಭಾವ ಹೇಳಿಕೊಟ್ಟಿದ್ದು?"

"ನನ್ನ ಗಂಡ."

"ಅವರನ್ನೇ ಕಳಿಸಿ. ನಾಲ್ಕು ಮಾತು ಹೇಳ್ತೀನಿ."

"ಸತ್ತುಹೋಗಿದಾರೆ."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಅಂಗಡಿಯ ಯಜಮಾನ, ಮುದುಕ ಮೆತೋದಿ, "ಯಾಸೆನ್, ನಿನ್ನ ನಾಲಿಗೆಗೆ ಒಂದು ಬೀಗ ತರಿಸ್ತೀನಿ ಕಣೋ" ಎಂದು ಗೊಣಗಿದ.

ಯಾಸೆನ್‌ನ ಕಿವಿ ಕೆಂಪಾಯಿತು. ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ. ಬಿಚ್ಚಿದ ಕಂಪ್ಯೂಟರಿನೊಳಗಿನ ಡ್ರೈವನ್ನು ಎರಡೂ ಕೈಯಲ್ಲಿ ಎತ್ತಿ, "ಪೂರ್ತಿ ಸತ್ತಿಲ್ಲ. ಇರೋದನ್ನ ಹೊಸದಕ್ಕೆ ಎತ್ತಿಕೊಡ್ತೀನಿ" ಎಂದಷ್ಟೇ ಹೇಳಿದ.

ಡ್ಯಾನ್ಯೂಬ್ ನದಿಯ ದಡದ ರೂಸೆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ ಇರುವ ಹಾಳೆ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೀದಿಯ ಮರಕ್ಕೆ ಅಂಟುತ್ತದೆ. ನಲವತ್ತನೇ ದಿನಕ್ಕೆ ಮತ್ತೊಂದು, ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ. ಆ ಹಾಳೆಗಳನ್ನು ಮನೆಯಲ್ಲೇ ಕೂತು ತಯಾರಿಸುವುದು ನೆವೆನಾಳ ಕೆಲಸ. ಅರ್ಧ ಊರಿನ ಸತ್ತವರ ಮುಖಗಳು ಅವಳ ಕಂಪ್ಯೂಟರಿನಲ್ಲಿದ್ದವು. ಒಂದನ್ನಾದರೂ ಅಳಿಸಲು ಅವಳಿಗೆ ಕೈ ಬರುತ್ತಿರಲಿಲ್ಲ.

"ಹಳೇದು ತುಂಬಿ ತುಳುಕ್ತಾ ಇತ್ತು" ಎಂದ ಯಾಸೆನ್, ಮರುದಿನ ಹೊಸ ಡ್ರೈವ್ ಹಾಕಿದ ಕಂಪ್ಯೂಟರನ್ನು ಮನೆಗೆ ತಂದುಕೊಟ್ಟಾಗ. "ಹೊಸದರಲ್ಲಿ ಐದರಲ್ಲೊಂದು ಭಾಗ ಖಾಲಿ ಬಿಡಿ. ಇದಕ್ಕೂ ಉಸಿರಾಡೋಕೆ ಜಾಗ ಬೇಕು. ಡಿಫ್ರಾಗ್ ಮಾತ್ರ ದೇವರಾಣೆ ಮಾಡ್ಬೇಡಿ. ಸೋಫಾ ಮೇಲಿಟ್ಟು ಬಿಸಿ ಮಾಡ್ಬೇಡಿ. ಬೇಡದ್ದನ್ನ ಅಳಿಸೋದು ಕಲೀರಿ."

"ನೀವೇನು ಡಾಕ್ಟರಾ?"

"ಡಾಕ್ಟರ ಮಾತನ್ನಾದ್ರೂ ಕೇಳ್ತೀರಾ ನೀವು?"

ಅವಳಿಗೆ ನಗು ಬಂದುಬಿಟ್ಟಿತು! ಗಂಡ ಹೋದ ಮೇಲಿನ ಎರಡೂವರೆ ವರ್ಷದಲ್ಲಿ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಮೆತೋದಿಯ ಅಂಗಡಿಗೊಂದು ಪದ್ಧತಿ. ಹಳೆಯ ಡ್ರೈವನ್ನು ಹದಿನೈದು ದಿನ ಇಟ್ಟುಕೊಳ್ಳುತ್ತಾರೆ. ಅಷ್ಟರೊಳಗೆ ಗಿರಾಕಿ ಹೊಸದರಲ್ಲಿ ಎಲ್ಲ ಬಂದಿದೆಯೇ ಎಂದು ನೋಡಿ, 'ನೋಡಿದ್ದೇನೆ' ಎಂಬ ಚೀಟಿಗೆ ಸಹಿ ಹಾಕಬೇಕು. ಆಮೇಲೆ ಹಳೆಯದನ್ನು ಅಳಿಸಿಬಿಡುತ್ತಾರೆ, ಪರರ ಮನೆಯ ಗುಟ್ಟು ಕಸದ ಬುಟ್ಟಿಗೆ ಹೋಗಬಾರದೆಂದು. ಎಸ್‌ಎಸ್‌ಡಿ ಅಳಿಸಲು ನಿಮಿಷವೂ ಬೇಡ. ಅಳಿಸಿದ ಮೇಲೆ ಬ್ರಹ್ಮ ಬಂದರೂ ಮರಳಿ ಸಿಗುವುದಿಲ್ಲ.

ಆ ಕಂಪ್ಯೂಟರಿನಲ್ಲಿ ಎರಡು ಹೆಸರಿನ ಖಾತೆಗಳಿದ್ದವು. ಒಂದು ನೆವೆನಾಳದು. ಇನ್ನೊಂದು ರುಮೆನ್‌ನದು... ಅವಳ ಗಂಡನದು. ಹಾಳೆಗೆ ಹಾಕಿದ್ದ ಒಂದನ್ನು ಬಿಟ್ಟರೆ ಅವನ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹನ್ನೊಂದು ವಿಡಿಯೋಗಳೂ ಇದ್ದವು: ಮೀನು ಹುರಿಯುತ್ತಾ ಬೈಯುವುದು, ಸುಮ್ಮನೆ ಅವಳ ಹೆಸರು ಕೂಗುವುದು. ಅವನ ದನಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಅಲ್ಲಿ ಮಾತ್ರ. ಅಂತ್ಯಕ್ರಿಯೆಯ ದಿನದಿಂದ ಅವಳು ಆ ಖಾತೆ ತೆರೆದಿರಲಿಲ್ಲ. ತೆರೆದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹದಿನೈದನೇ ದಿನ ಯಾಸೆನ್ ಚೀಟಿ ಮುಂದಿಟ್ಟ.

"ಎಲ್ಲಾ ನೋಡಿದ್ರಾ?"

"ಹೂಂ... ನೋಡ್ದೆ."

ನೋಡಿರಲಿಲ್ಲ. ತನ್ನ ಹೆಸರಿನದನ್ನಷ್ಟೇ ನೋಡಿದ್ದಳು. ಇನ್ನೊಂದೂ ಬಂದಿರುತ್ತದೆ ಬಿಡು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸಹಿ ಎಳೆದಳು.

ಚಳಿಗಾಲ ಕಳೆಯಿತು. ಯಾಸೆನ್ ಏನಾದರೊಂದು ನೆಪ ಹೂಡಿ ಬರುತ್ತಲೇ ಇದ್ದ. ಡ್ರೈವಿನ ಆರೋಗ್ಯ ನೋಡಬೇಕು ಅನ್ನುತ್ತಿದ್ದ, ಕೈಯಲ್ಲಿ ಮಾತ್ರ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾದ ಪೊಟ್ಟಣ! 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಏಪ್ರಿಲಿನಲ್ಲಿ ಡ್ಯಾನ್ಯೂಬ್ ದಂಡೆಯ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಅವನು ಹೇಳಿಯೇಬಿಟ್ಟ.

"ನೆವೆನಾ, ನಿನ್ನ ಮನೇಲಿ ಸತ್ತವರೇ ತುಂಬಿದಾರೆ. ಬದುಕಿರೋನಿಗೆ ಒಂಚೂರು ಜಾಗ ಮಾಡ್ತೀಯಾ?"

ಅವಳು ಅವನ ಭುಜಕ್ಕೆ ತಲೆ ಆನಿಸಿದಳು. 'ದೇವರೇ, ನನಗೂ ಇನ್ನೊಂದು ಸಲ ಆಗುತ್ತಾ ಇದೆಲ್ಲ?'

ಮರುದಿನವೇ ಅತ್ತೆ ಸ್ತಾನ್ಕಾಳ ಫೋನು.

"ಮೇ ತಿಂಗಳಿಗೆ ಮೂರು ವರ್ಷ ಆಗುತ್ತೆ, ಮರೆತಿಲ್ಲ ತಾನೆ? ಈ ಸಲನಾದ್ರೂ ಹಾಳೆಗೆ ಬೇರೆ ಫೋಟೋ ಹಾಕು. ನನ್ನ ಮಗ ನಗ್ತಾ ಇರೋದು ಹಾಕು."

ನೆವೆನಾ ಉಸಿರು ಬಿಗಿಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ಇವತ್ತು ನೋಡಬಲ್ಲೆ ಅನ್ನಿಸಿತು. ರುಮೆನ್‌ನ ಹೆಸರನ್ನು ಹುಡುಕಿದಳು.

ಇರಲಿಲ್ಲ.

ಮತ್ತೆ ಹುಡುಕಿದಳು. ಅವಳ ಹೆಸರೊಂದೇ ಇತ್ತು. ಊರಿನ ಅಷ್ಟೂ ಹೆಣಗಳ ಮುಖ ಇತ್ತು. ರುಮೆನ್ ಇರಲಿಲ್ಲ!

ಅತ್ತೆಯ ಮುಂದೆ ಅತ್ತಾಗ ಆ ಮುದುಕಿ ಬೆಂಕಿಗೆ ತುಪ್ಪ ಸುರಿದಳು. "ಹೊಸಬ ಬಂದು ಹಳಬನ್ನ ಗುಡಿಸಿ ಹಾಕಿದಾನೆ. ಊರೇ ಮಾತಾಡ್ತಿದೆ. ನಿನಗೆ ಮಾತ್ರ ಕಾಣಿಸ್ಲಿಲ್ಲ."

ನೆವೆನಾ ಅಂಗಡಿಗೆ ನುಗ್ಗಿದಾಗ ಅಲ್ಲಿ ಐದಾರು ಗಿರಾಕಿಗಳಿದ್ದರು.

"ಜಾಗ ಮಾಡ್ಕೊಂಡ್ಯಾ? ನನ್ನ ಗಂಡನ್ನ ಅಳಿಸಿ ಜಾಗ ಮಾಡ್ಕೊಂಡ್ಯಾ?"

ಯಾಸೆನ್‌ನ ಮುಖ ಬಿಳಿಚಿತು. "ನಾನು... ನಿನ್ನ ಹೆಸರಿಂದು ಮಾತ್ರ ಕಾಪಿ ಮಾಡಿದ್ದೆ... ಇನ್ನೊಂದು ಖಾತೆ..."

"ವಾಪಸ್ ತಾ!"

"ಆಗಲ್ಲ, ನೆವೆನಾ."

"ನೀನು ಬೇಕಂತಲೇ ಮಾಡ್ದೆ. ಅವನು ಒಂದು ಸಲ ಸತ್ತಿದ್ದ. ನೀನು ಎರಡನೇ ಸಲ ಕೊಂದೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಸೆನ್ ಒಂದು ಮಾತೂ ಎದುರಾಡಲಿಲ್ಲ. ಊರಿನವರ ಫೇಸ್‌ಬುಕ್ ಗುಂಪಿನಲ್ಲಿ ಅವಳು ಎಲ್ಲವನ್ನೂ ಬರೆದಳು. ಸಹಿಯ ವಿಷಯವೊಂದನ್ನು ಬಿಟ್ಟು. ನೂರಾರು ಜನ ಅಯ್ಯೋ ಪಾಪ ಅಂದರು. ಪ್ರತಿ 'ಅಯ್ಯೋ ಪಾಪ'ಕ್ಕೂ ಅವಳು ತಾನು ಬರೆದದ್ದನ್ನು ಮತ್ತೆ ತೆರೆದು ಓದಿ ಮುಚ್ಚುತ್ತಿದ್ದಳು.

ಜೂನಿನಲ್ಲಿ ಮೆತೋದಿ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಚೀಟಿಯೊಂದನ್ನು ಮೇಜಿನ ಮೇಲಿಟ್ಟ.

"ಈ ಸಹಿ ಯಾರದು ತಾಯಿ?"

ಅವಳು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

"ಇದನ್ನ ಊರಿಗೆಲ್ಲ ತೋರಿಸ್ತೀನಿ ಅಂದೆ. ಅವನು ಕಾಲಿಗೆ ಬಿದ್ದ. ನಿನ್ನ ಅತ್ತೆ ಮನೆಯವರ ಮುಂದೆ ನೀನು ಸುಳ್ಳುಗಾತಿ ಆಗ್ಬಾರ್ದಂತೆ. ಕೆಲಸ ಬಿಟ್ಟ. ಈಗ ಸಂತೆ ಮಾರ್ಕೆಟ್ಟಲ್ಲಿ ಫೋನಿಗೆ ಗಾಜು ಅಂಟಿಸ್ತಾ ಕೂತಿದಾನೆ. ಅಂಥ ಕೈ! ಇನ್ಮೇಲೆ ಯಾರ ನೆನಪನ್ನೂ ಮುಟ್ಟಲ್ಲ ಅಂತಾನೆ."

ಮುದುಕ ಹೋದ ಮೇಲೆ ಅವಳು ಅಳಲಿಲ್ಲ. ನಾಚಿಕೆಗೆ ಕಣ್ಣೀರೂ ಬರುವುದಿಲ್ಲ.

ಮಾರ್ಕೆಟ್ಟಿನಲ್ಲಿ ಟೊಮೇಟೊ ರಾಶಿಗಳ ಪಕ್ಕ ಒಂದು ಸಣ್ಣ ಗೂಡಂಗಡಿ. ಯಾಸೆನ್ ಅವಳನ್ನು ಕಂಡು ಎದ್ದು ನಿಂತ. ಬಡಕಲಾಗಿದ್ದ.

"ಹಾಳೆಗೆ ಫೋಟೋ ಸಿಕ್ತಾ?" ಅವನೇ ಮೊದಲು ಕೇಳಿದ.

"ಹಳೇದನ್ನೇ ಹಾಕ್ದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಯಾಸೆನ್, ನಾನು ನೋಡಿರ್ಲಿಲ್ಲ. ನೋಡದೆ ಸಹಿ ಹಾಕ್ದೆ. ತಪ್ಪು ನಂದು. ನಿನ್ನೆ ಅದನ್ನೂ ಗುಂಪಲ್ಲಿ ಬರೆದೆ. ಅತ್ತೆ ಇನ್ನು ನನ್ನ ಮುಖ ನೋಡಲ್ವಂತೆ."

"ಬರೀಬಾರ್ದಿತ್ತು ನೀನು."

"ಯಾಕೆ?"

ಅವನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಅಳಿಸೋ ಮುಂಚೆ ಎರಡನೇ ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು. ರುಮೆನ್ ಅಂತ, ನಿನ್ನ ಗಂಡನದೇ ಇರಬೇಕು ಅನ್ನಿಸ್ತು. ನೀನು ಸಹಿ ಹಾಕಿದ್ದೆ, ಸರಿ. ಆದ್ರೂ ಒಂದು ಫೋನ್ ಮಾಡಬಹುದಿತ್ತು. ಮಾಡ್ಲಿಲ್ಲ."

"ಯಾಕೆ ಮಾಡ್ಲಿಲ್ಲ?"

"ನೀನು ಅಳ್ತೀಯ ಅಂತ... ಹಾಗಂತ ಅವತ್ತು ಅಂದ್ಕೊಂಡೆ. ಆದ್ರೆ ಅಷ್ಟೊತ್ತಿಗಾಗ್ಲೇ ನೀನು ಇಷ್ಟ ಆಗಿದ್ದೆ. ನಿಜ ಯಾವುದು ಅಂತ ನನಗೇ ಗೊತ್ತಿಲ್ಲ, ನೆವೆನಾ. ಅದಕ್ಕೇ ನೀನು ಬೈದಾಗ ಬಾಯಿ ಬಿಡ್ಲಿಲ್ಲ."

ಪಕ್ಕದ ಹೆಂಗಸು ಟೊಮೇಟೊ ತೂಗುವುದನ್ನು ನಿಲ್ಲಿಸಿ ಕಿವಿ ಇತ್ತ ಕೊಟ್ಟಿದ್ದಳು. ನೆವೆನಾಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ನಿಂತಳು.

"ಹಾಗಾದ್ರೆ ಇಬ್ರೂ ಸೇರಿ ಅಳಿಸಿದ್ವಿ" ಎಂದಳು ಕೊನೆಗೆ.

"ಹೂಂ. ನನ್ನ ಕ್ಷಮಿಸ್ಬೇಡ. ಬೈಯೋಕಾದ್ರೂ ಬರ್ತಾ ಇರು. ನೀನಿಲ್ದೆ ನನಗೆ ಆಗ್ತಿಲ್ಲ."

"ಕ್ಷಮಿಸೋಕೆ ಬಂದಿಲ್ಲ ನಾನು." ಅವಳು ಅಂಗಡಿಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೆಳಗಿನಿಂದ ನೆನಪು ಮಾಡ್ಕೊಳ್ತಿದೀನಿ... ಅವನ ದನಿ ಬರ್ತಾ ಇಲ್ಲ, ಯಾಸೆನ್. ಹೇಗಿತ್ತು ಅಂತಲೇ ಗೊತ್ತಾಗ್ತಿಲ್ಲ! ಇದನ್ನ ನಿನ್ನ ಬಿಟ್ಟು ಇನ್ಯಾರ ಹತ್ರ ಹೇಳ್ಲಿ?"

ಯಾಸೆನ್ ತಾನು ಕೂತಿದ್ದ ಸ್ಟೂಲನ್ನು ಅವಳ ಕಡೆಗೆ ಸರಿಸಿ, ತಾನು ನೆಲದ ಮೇಲೆ ಕೂತ.

"ಅವನು ನಿನ್ನ ಏನಂತ ಕರೀತಿದ್ದ?"

"ನೇವಾ ಅಂತ."

"ಜೋರಾಗಿ ಕರೀತಿದ್ನಾ, ಮೆಲ್ಲಗಾ?"

ಅವಳು ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರು ಇಳಿಯಿತು.

"ಜೋರಾಗಿ... ಅಡುಗೆಮನೆಯಿಂದ."

"ಹೂಂ, ಹೇಳು" ಎಂದು ಅವನು ಅವಳ ಕೈ ಹಿಡಿದುಕೊಂಡ.