ಆಪರೇಷನ್ ಪೀಬರಿ

ಅಜ್ಜನ ಕಾಫಿಬೀಜ ಪುಡಿಮಾಡುವ ಮಿಷನ್ನು ಆಸ್ತಿ ಭಾಗದಲ್ಲಿ ತನಗೇ ಬರಬೇಕಿತ್ತು ಎಂಬ ವಿಷಯದಲ್ಲಿ ಯೋಗಾನರಸಿಂಹನಿಗೆ ಅನುಮಾನವಿರಲಿಲ್ಲ. ಆದರೆ ಅದು ಮದ್ದೂರಿನ ಮನೆಯ ಹಲಗೆಗೆ ಸ್ಕ್ರೂ ಹಾಕಿ ಕೂತಿತ್ತು. ಆ ಮನೆ ಚಿಕ್ಕಪ್ಪನ ಮಗ ಸಂಪತ್ ಕುಮಾರನ ಪಾಲಾಯಿತು. ಅದನ್ನೂ ಸಹಿಸಬಹುದಿತ್ತು. ಆ ಸಂಪತ್ ಕುಮಾರ ಮಂಡ್ಯದ ಇವನ ಮನೆಗೇ ಬಂದು, ನೆಂಟರೆದುರು ಲೋಟ ಕೆಳಗಿಟ್ಟು, "ಯೋಗಣ್ಣ, ಕಷಾಯ ಚೆನ್ನಾಗಿದೆ. ಯಾರಿಗೆ ಜ್ವರ?" ಎಂದದ್ದನ್ನು ಮಾತ್ರ ಸಹಿಸುವಂತಿರಲಿಲ್ಲ.

ಯೋಗಾನರಸಿಂಹ ಸಾಮಾನ್ಯ ಕಳ್ಳನಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಸೈನ್ಯದ ಕಚೇರಿಯೊಂದರಲ್ಲಿ ಕೂತು, ಯಾವ ಪಡೆ ಯಾವಾಗ ಎಲ್ಲಿರಬೇಕೆಂದು ಚೌಕ ಚೌಕವಾಗಿ ಕೋಷ್ಟಕ ಬರೆದವನು. ಗಡಿಯನ್ನು ಅವನು ಕಂಡಿರಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ಎಳೆದಿದ್ದ. ಈಗ ನಿವೃತ್ತನಾಗಿ, ಡ್ರಾಯಿಂಗ್ ಹಾಳೆಗಳನ್ನು ಮೈದಾ ಅಂಟಿನಲ್ಲಿ ಸೇರಿಸಿ, ಒಳ್ಳೇ ಕಾಫಿಬೀಜದ ಹೆಸರಿನಲ್ಲೇ 'ಆಪರೇಷನ್ ಪೀಬರಿ' ಎಂದು ತಲೆಬರಹ ಕೊಟ್ಟ. ಮೇಲುಗಡೆ ಹೊತ್ತು, ಎಡಗಡೆ ಊರು. ಮಳವಳ್ಳಿ: ಶತ್ರು ಸಂಸಾರಸಮೇತ ಮದುವೆಮನೆಯಲ್ಲಿ, ಮುಹೂರ್ತ, ಊಟ, ತಾಂಬೂಲ, ತೂಕಡಿಕೆ. ಮಂಡ್ಯ: ಹೆಂಡತಿ ಗೋದಾ, ಬೀಜ ಹುರಿದು ಕಾಯತಕ್ಕದ್ದು. ಮದ್ದೂರು, ಒಳಗೆ: ತಾನು. ಮದ್ದೂರು, ಹೊರಗೆ: ಬೋರಯ್ಯ.

ಬೋರಯ್ಯ ಕೆರಗೋಡಿನವನು; ಅದೇ ಕಚೇರಿಯ ಬಾಗಿಲು ಕಾದಿದ್ದವನು. ಬುಟ್ಟಿ ಇಟ್ಟುಕೊಂಡು ಬೀದಿಯಲ್ಲಿ ಕೂತು, ಮಾರುವವನಂತೆ ಒಂದೇ ಪದ ಕೂಗಬೇಕು. ಬೀದಿ ಖಾಲಿಯಿದ್ದರೆ 'ಹತ್ತಿ': ಮಿಷನ್ನು ಹೊತ್ತು ಹೊರಡು. ಯಾರಾದರೂ ಬಂದರೆ 'ಅತ್ತಿ': ಅಡಗು. ಒಂದರ ಮೊದಲಕ್ಷರ ಅಕ್ಷರಮಾಲೆಯ ಈ ತುದಿ, ಇನ್ನೊಂದರದು ಆ ತುದಿ. ಗೊಂದಲಕ್ಕೆ ಎಡೆಯೆಲ್ಲಿ?

"ಗೊತ್ತಾಯ್ತೇನಯ್ಯಾ?"

ಬೋರಯ್ಯ ಚೌಕಗಳ ಮೇಲೆ ಬೆರಳಿಟ್ಟ. "ಇದು ಬಾ, ಇದು ಬ್ಯಾಡ. ಬುಡಿ ಸಾಮಿ, ಅಳ್ಳಿಯವ್ನು ಅಂತ ಇಂಗೆಲ್ಲಾ ಕೇಳ್ತೀರಾ?"

ಮದುವೆಯ ದಿನ ಎಲ್ಲವೂ ಕೋಷ್ಟಕದಂತೆಯೇ ನಡೆಯಿತು. ಹಿತ್ತಿಲ ಚಿಲಕ ಸದ್ದಿಲ್ಲದೆ ಬಂತು, ಸ್ಕ್ರೂಗಳೂ ಬಂದವು. ಮಿಷನ್ನನ್ನು ಮಗುವಿನಂತೆ ಅವಚಿಕೊಂಡು ಹೊಸ್ತಿಲಿಗೆ ಬಂದಾಗ ಬೀದಿಯಿಂದ ಕೇಳಿತು: "ಅತ್ತಿ!" ಮಂಚದಡಿ ತೂರಿದ. ತುಸು ಹೊತ್ತಿಗೆ ಮತ್ತೆ "ಅತ್ತಿ!", ಇನ್ನೂ ಗಟ್ಟಿಯಾಗಿ. ಜನ ಹೆಚ್ಚಿರಬೇಕು, ಅಟ್ಟಕ್ಕೆ ಏರಿದ. ಆಮೇಲಿನದು ಚೀರಾಟವೇ. ಅಟ್ಟ ಬಿಟ್ಟು ಬಂದು, ಕೆಳಗಿದ್ದ ಭತ್ತದ ಖಾಲಿ ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಎಳೆದುಕೊಂಡ. ಇಷ್ಟೊಂದು ಅಪಾಯದ ನಡುವೆಯೂ ಜಾಗ ಬಿಡದೆ ಕೂಗುತ್ತಿರುವ ಬೋರಯ್ಯನ ನಿಷ್ಠೆಗೆ ಅವನ ಕಣ್ಣು ತುಂಬಿತು.

ಸಂಜೆ ಮದುವೆಯಿಂದ ಮರಳಿ ಮುಚ್ಚಳ ತೆಗೆದವಳು ಸಂಪತ್ ಕುಮಾರನ ಹೆಂಡತಿ ವೇದವತಿ. "ಅಯ್ಯೋ ಭಾವ, ಮಿಷನ್ ಸಮೇತ ಕೂತಿದ್ದೀರಲ್ಲ! ಎದ್ದು ಬನ್ನಿ, ಕಾಫಿ ಕುಡಿಯೋರಂತೆ." ಸಂಪತ್ ಕುಮಾರ ಆಗಲೇ ಅಕ್ಕಪಕ್ಕದವರನ್ನು ಕರೆಯುತ್ತಿದ್ದ. ಅವರ ಹಿಂದೆಯೇ ಬುಟ್ಟಿ ಹೊತ್ತ ಬೋರಯ್ಯನೂ ನುಗ್ಗಿದ. "ಎಲ್ಲಿ ಓಗಿದ್ರಿ ಸಾಮಿ? ಬೆಳಗಿಂದ ಬೀದೀಲಿ ಒಂದು ನರಪಿಳ್ಳೆ ಇಲ್ಲ, ಕೂಗಿ ಕೂಗಿ ಗಂಟ್ಲು ಅರ್ದೋಯ್ತು!" ಯೋಗಾನರಸಿಂಹ ಪೆಟ್ಟಿಗೆಯಲ್ಲೇ ನಿಂತು ಅಬ್ಬರಿಸಿದ: "ಅತ್ತಿ ಅಂತ ಕೂಗಿದೆಯಲ್ಲಯ್ಯಾ!" ಬೋರಯ್ಯನಿಗೂ ರೇಗಿತು. "ಸರ್ಯಾಗ್ ಕೇಳಿಸ್ಕಳಿ ಸಾಮಿ. ಇವ್ರು ಬಂದಾಗ ಕೂಗಿದ್ದು ಅತ್ತಿ. ಅದ್ಕೂ ಮುಂಚೆ ಕೂಗಿದ್ದೆಲ್ಲಾ ಅತ್ತಿ!"