ಬೆವರುಮನೆಯ ಗೂಟ

2003ನೇ ಇಸವಿ ಫೆಬ್ರವರಿ 9, ಭಾನುವಾರ. ಸಂಜೆ ನಾಲ್ಕರ ಹೊತ್ತಿಗೆ ಮೈಸೂರಿನ ಮಾನಂದವಾಡಿ ರಸ್ತೆ ಕಡೆಯ ಠಾಣೆಯ ಮುಂದೆ ಒಂದು ಮಾರುತಿ ವ್ಯಾನು ಬಂದು ನಿಂತಿತು. ಇಳಿದವನಿಗೆ ನಲವತ್ತರ ಆಸುಪಾಸು. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು. ಹೆಸರು ಮೃತ್ಯುಂಜಯ. ಅಗ್ರಹಾರದಲ್ಲಿ ಅಣ್ಣ ಶಿವರುದ್ರಪ್ಪನವರ ಜೊತೆ ಪಾತ್ರೆ ಅಂಗಡಿ ನಡೆಸುವವನು.

“ನಮ್ಮಣ್ಣ ಹೋಗ್ಬುಟ್ರು,” ಅಂದ. “ಆಸ್ಪತ್ರೆಗೆ ತಕ್ಕೊಂಡ್ ಹೋದೆ. ಆಗಲೇ ಜೀವ ಇಲ್ಲ ಅಂದ್ರು. ಕಂಪ್ಲೇಂಟ್ ಕೊಡಬೇಕು.”

ಹೆಡ್ ಕಾನ್‌ಸ್ಟೆಬಲ್ ನಂಜುಂಡಯ್ಯ ಕಾಗದ, ಪೆನ್ನು ಮುಂದಿಟ್ಟರು. ಮೃತ್ಯುಂಜಯ ಪೆನ್ನು ಮುಟ್ಟಲಿಲ್ಲ. ಅವನ ಬಲಗೈ ಬೆರಳುಗಳಿಗೆ ಕರ್ಚೀಫು ಸುತ್ತಿತ್ತು.

“ಕೈಗೇನಾಯ್ತು?”

“ಕಾಫಿ ಚೆಲ್ಲಿಕೊಂಡೆ. ನೀವೇ ಬರ್ಕೊಳಿ, ಹೇಳ್ತೀನಿ.”

ಅವನು ಹೇಳಿದ್ದು ಇಷ್ಟು. ಊರಿಂದ ಆಚೆ, ತೇಗ ಹೊಂಗೆ ಬೆಳೆದ ಒಂದು ಖಾಸಗಿ ಕಾಡಿದೆ. ಅದರ ಮಾಲೀಕ ಮನೋಹರ್ ಚಳಿದೇಶದಲ್ಲಿ ಇಂಜಿನಿಯರಾಗಿದ್ದು ಬಂದವರು. ಅಲ್ಲಿಯ ರೀತಿಯಲ್ಲೇ ಒಂದು ಸೌನಾ ಕಟ್ಟಿಸಿದ್ದಾರೆ. ಹಲಗೆಯ ಸಣ್ಣ ಕೋಣೆ, ಒಳಗೆ ಕಾದ ಕಲ್ಲು, ಅದರ ಮೇಲೆ ನೀರು ಚೆಲ್ಲಿ ಬೆವರುವುದು. ಸುತ್ತಲಿನವರು ಬೆವರುಮನೆ ಅನ್ನುತ್ತಾರೆ. ಪೇಟೆಯ ಗಲಾಟೆ ಸಾಕಾದವರಿಗೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಾರೆ. ಅಣ್ಣನಿಗೆ ಕೀಲುನೋವು. ಅಂಗಡಿ ಬಿಟ್ಟು ಎಲ್ಲೂ ಹೋದವರಲ್ಲ. ಒಂದು ದಿನ ಆರಾಮಾಗಿರಲಿ ಎಂದು ತಾನೇ ಕರೆದುಕೊಂಡು ಹೋದ. ಸ್ವಲ್ಪ ಹೊತ್ತು ಇಬ್ಬರೂ ಒಳಗೆ ಕೂತಿದ್ದರು. ತನಗೆ ಕಾವು ತಡೆಯಲಿಲ್ಲ, ಎದ್ದು ಹಳ್ಳದ ಕಡೆ ಹೋದ. ವಾಪಸ್ ಬಂದಾಗ ಕಾವಲುಗಾರ ಪುಟ್ಟಮಾದಯ್ಯ ಒಲೆಗೆ ಸೌದೆ ತುಂಬಿ ಮರದಡಿ ನಿದ್ದೆ ಹೋಗಿದ್ದ. ಬಾಗಿಲು ಕಾವಿಗೆ ಹಿಡಿದುಕೊಂಡಿತ್ತು. ಇಬ್ಬರೂ ಸೇರಿ ಎಳೆದರು. ಅಣ್ಣ ನೆಲದ ಮೇಲೆ ಬಿದ್ದಿದ್ದರು.

ಎಡಗೈಯಲ್ಲಿ ಸೊಟ್ಟ ಸಹಿ ಹಾಕಿ ಅವನು ಹೋದ. ಪುಟ್ಟಮಾದಯ್ಯನ ಮೇಲೆ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದನೆಂದು ಐಪಿಸಿ 304ಎ ಪ್ರಕಾರ ಎಫ್‌ಐಆರ್ ಆಯಿತು.

ಇನ್ಸ್‌ಪೆಕ್ಟರ್ ಷಡಕ್ಷರಿ ಬೆಳಕಿರುವಾಗಲೇ ಜೀಪು ತೆಗೆಸಿದರು. ಕಾಡು ಅಂದರೆ ದೊಡ್ಡ ಕಾಡಲ್ಲ. ಆದರೆ ಒಳಗೆ ಹೊಕ್ಕರೆ ರಸ್ತೆಯ ಸದ್ದು ಕೇಳದು. ಒಳಗಿನ ಕೂಗು ರಸ್ತೆಗೂ ಕೇಳದು.

ಪಂಚರ ಮುಂದೆ ಮಹಜರು ನಡೆಯಿತು. ಷಡಕ್ಷರಿ ಹೇಳುತ್ತ ಹೋದರು, ನಂಜುಂಡಯ್ಯ ಬರೆದುಕೊಂಡರು. ಹಲಗೆ ಕೋಣೆ ಒಂದು. ಬಚ್ಚಲೊಲೆಯ ಹಾಗೆ ಒಲೆಯ ಬಾಯಿ ಹೊರಗೆ. ಬಾಗಿಲಿಗೆ ಹೊರಗಡೆ ಚಿಲಕ. ನಾಯಿ ನುಗ್ಗಿ ಮಲಗದಿರಲಿ ಎಂದು ಹಾಕಿಸಿದ್ದು. ಬಾಗಿಲ ಪಕ್ಕದ ಗೋಡೆಗೆ ಮರದ ಗೂಟಗಳು. ಕೆಳಗಿನ ಗೂಟದಲ್ಲಿ ಸತ್ತವರ ಅಂಗಿ, ಪಂಚೆ. ಎಲ್ಲಕ್ಕಿಂತ ಮೇಲಿನ ಗೂಟದಲ್ಲಿ ಬಿಳಿ ದಾರದ ಸಮೇತ ಒಂದು ಕರಡಿಗೆ, ಅಂದರೆ ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ. ಕೋಣೆಯ ನೆಲದ ಮೇಲೆ ಅಂಗೈಯಗಲದ ಬಿಳಿ ಬಟ್ಟೆ, ಒಣಗಿ ಗರಿಗರಿಯಾದದ್ದು.

ಕರಡಿಗೆಯನ್ನು ಷಡಕ್ಷರಿ ನೋಡಿದರು, ಬರೆಸಿದರು. ಅದರಲ್ಲಿ ವಿಶೇಷವೇನೂ ಅವರಿಗೆ ಕಾಣಲಿಲ್ಲ. ಅವರೂ ಲಿಂಗ ಕಟ್ಟಿದವರೇ. ಸ್ನಾನಕ್ಕೆ ಹೋಗುವಾಗ ತೆಗೆದು ಬಚ್ಚಲಿನ ಮೊಳೆಗೆ ಹಾಕುವುದು ಅವರಿಗೆ ಎಷ್ಟೋ ವರ್ಷಗಳ ರೂಢಿ. ಮರೆತು ಅಲ್ಲೇ ಬಿಟ್ಟು ಡ್ಯೂಟಿಗೆ ಬಂದ ದಿನಗಳೂ ಇದ್ದವು. ಅವತ್ತೂ ಬಿಟ್ಟು ಬಂದಿದ್ದರು.

ಪುಟ್ಟಮಾದಯ್ಯ ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದ. ಐವತ್ತು ದಾಟಿದವನು. ಹಳ್ಳಿ ಬಿಟ್ಟು ಬಂದು, ಹೆಂಡತಿ ಮುದ್ದಮ್ಮನ ಜೊತೆ ಅಲ್ಲೇ ಒಂದು ಗುಡಿಸಲಲ್ಲಿದ್ದ.

“ಸೌದೆ ಎಷ್ಟು ತುಂಬಿದೆ?”

“ದಿನಾ ಹಾಕೋವಷ್ಟೇ ಸ್ವಾಮಿ.”

“ನಿದ್ದೆ ಹೋಗಿದ್ದೆಯಂತೆ.”

“ನಾನೆಲ್ಲಿ ಮಲಗ್ದೆ? ಚಿಕ್ಕೋರು ಎಳನೀರು ತತ್ತಾ ಅಂದ್ರು. ಕೆಂದೆಳನೀರೇ ಆಗಬೇಕು ಅಂದ್ರು. ರಸ್ತೆಗಂಟ ಹೋಗಿದ್ದೆ. ಬರೋವಾಗ ಅವರೇ ಎದುರಿಗೆ ಓಡಿ ಬತ್ತಿದ್ರು.”

“ಬಾಗಿಲು ಹಿಡ್ಕೊಂಡಿತ್ತಾ?”

“ಇಲ್ಲ. ಸಲೀಸಾಗಿ ಬಂತು.”

“ಹಾಗಾದ್ರೆ ಅವರು ಹೇಳೋದು ಸುಳ್ಳಾ?”

ಪುಟ್ಟಮಾದಯ್ಯ ನೆಲ ನೋಡಿದ. ಆ ಮೌನವನ್ನು ಷಡಕ್ಷರಿ ತಪ್ಪೊಪ್ಪಿಗೆ ಎಂದೇ ತಿಳಿದರು. ಜೀಪು ಹತ್ತಿಸಿದರು.

ಮುದ್ದಮ್ಮ ಬಸ್ಸು ಹಿಡಿದು ಹಿಂದೆಯೇ ಬಂದು, ಠಾಣೆಯ ಹೊಂಗೆ ಮರದಡಿ ಕೂತಳು. “ಎಳನೀರು ತರಕ್ಕೋದ್ರೂ ಜೈಲಾ ನಿಮ್ಮೂರಲ್ಲಿ?” ಎಂದು ಹೋಗುವವರನ್ನೂ ಬರುವವರನ್ನೂ ಕೇಳಿದಳು.

“ಸುಮ್ನಿರಮ್ಮ,” ಅಂದರು ನಂಜುಂಡಯ್ಯ.

“ಸುಮ್ನಿದ್ದೋನು ಒಳಗವ್ನೆ. ನಾನಾದ್ರೂ ಮಾತಾಡ್ತೀನಿ ಬುಡಿ.”

ಸೋಮವಾರ ಬೆಳಿಗ್ಗೆ ಶವಪರೀಕ್ಷೆ ಮುಗಿಯಿತು. ಅತಿಯಾದ ಕಾವಿನಿಂದ ಸಾವು. ಎದೆಯ ನಡುವೆ ಕಾಸಿನಗಲದ ದುಂಡನೆಯ ಸುಟ್ಟ ಗುರುತು. ಕಾದ ಕಲ್ಲು ತಗುಲಿರಬೇಕು ಎಂದುಕೊಂಡು ಷಡಕ್ಷರಿ ವರದಿಯನ್ನು ಕಡತಕ್ಕೆ ಸೇರಿಸಿದರು.

ಸತ್ತವರ ಹೆಂಡತಿ ಪ್ರೇಮಲೀಲಾ ಮಧ್ಯಾಹ್ನದೊಳಗೆ ಒಂಟಿಕೊಪ್ಪಲಿನಿಂದ ಆಟೋದಲ್ಲಿ ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

“ಅವರ ಲಿಂಗ ಕೊಡಿ. ಸಂಜೆ ಮಣ್ಣು.”

“ಜಪ್ತಿ ಮಾಡಿರೋದಮ್ಮ. ಕೋರ್ಟಿಗೆ ಹೋಗಬೇಕು.”

“ಅಂಗೈಲಿ ಲಿಂಗ ಇಲ್ಲದೆ ಅವರನ್ನ ಗುಣಿಯಲ್ಲಿ ಹೇಗೆ ಕೂರಿಸೋದು? ನಿಮ್ಮ ಹೆಸರು ಷಡಕ್ಷರಿ ಅಂತ ಬೋರ್ಡಲ್ಲಿದೆ. ನಿಮಗೂ ನಾನು ಹೇಳಿಕೊಡಬೇಕಾ?”

ಷಡಕ್ಷರಿ, “ಅವರೇ ತೆಗೆದು ಗೂಟಕ್ಕೆ ಹಾಕಿ ಒಳಗೆ ಹೋಗಿದ್ರು. ಅದಕ್ಕೇ ಜಪ್ತಿಯಲ್ಲಿ ಸೇರಿಹೋಯ್ತು,” ಅಂದರು.

“ಯಾರು ತೆಗೆದ್ರು?”

“ನಿಮ್ಮ ಯಜಮಾನ್ರು.”

“ಹೊಟ್ಟೆ ಆಪರೇಷನ್ ಆದಾಗ ಡಾಕ್ಟರು ಮೈಮೇಲೆ ಏನೂ ಇರಬಾರದು ಅಂದ್ರು. ಇವರು ತೆಗೀಲಿಲ್ಲ. ತೋಳಿಗೆ ಕಟ್ಟಿಕೊಂಡು ಮಲಗಿದ್ರು ಕಣ್ರೀ. ಅವರು ಗೂಟಕ್ಕೆ ಹಾಕ್ತಾರಾ?”

ಅವರ ಕಣ್ಣು ಷಡಕ್ಷರಿಯ ಕೊರಳ ಮೇಲೆ ಒಂದು ಗಳಿಗೆ ನಿಂತಿತು. ಷಡಕ್ಷರಿ ಕಾಲರಿನ ಗುಂಡಿ ಹಾಕಿಕೊಂಡರು.

ಸಂಜೆಗೆ ತಾವೇ ತಂದುಕೊಡುವುದಾಗಿ ಹೇಳಿ ಆ ತಾಯಿಯನ್ನು ಕಳಿಸಿದರು. ಆಮೇಲೆ ಕರಡಿಗೆಯನ್ನು ತರಿಸಿ ವರದಿಯ ಪಕ್ಕ ಇಟ್ಟುಕೊಂಡರು. ಸುಟ್ಟ ಗುರುತಿನ ಅಳತೆಗೂ ಕರಡಿಗೆಯ ಬೆನ್ನಿಗೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಬೆಳ್ಳಿ ಎದೆಯನ್ನು ಸುಟ್ಟಿದೆ. ಬೆಳ್ಳಿ ಸಿಕ್ಕಿದ್ದು ಮಾತ್ರ ಹೊರಗೆ. ಸತ್ತವರು ಎದ್ದು ಬಂದು ಗೂಟಕ್ಕೆ ಹಾಕಲಾರರು.

ಲಾಕಪ್ಪಿನ ಮುಂದೆ ಹೋಗಿ ನಿಂತರು.

“ಪುಟ್ಟಮಾದಯ್ಯ, ದೊಡ್ಡೋರು ಒಳಗೆ ಹೋಗುವಾಗ ಲಿಂಗ ಎಲ್ಲಿತ್ತು?”

“ಎದೆ ಮೇಲೆ. ಬೆಳ್ಳಿ ಕಾದು ಸುಡ್ತದೆ ಬುದ್ಧಿ ಅಂದೆ. ನಕ್ಕೊಂಡು, ಅದಕ್ಕೆ ಒದ್ದೆಬಟ್ಟೆ ಸುತ್ತಿಕೊಂಡ್ರು.”

“ಎಳನೀರು ತಂದಾಗ?”

“ಗೂಟದಲ್ಲಿತ್ತು. ಬಾಗಿಲು ತೆಗೆಯೋಕೂ ಮುಂಚೆ.”

“ನಿನ್ನೆ ಯಾಕೆ ಹೇಳಲಿಲ್ಲ?”

“ನೀವು ಸೌದೆ ಕೇಳಿದ್ರಿ.” ಪುಟ್ಟಮಾದಯ್ಯ ಕಂಬಿಯ ಹತ್ತಿರ ಬಂದ. “ನನ್ನ ಬಾಯಲ್ಲಿ ಅದರ ಮಾತು ಬಂದಿದ್ರೆ, ನೀನು ಮುಟ್ಟಿದ್ಯಾ ಅಂತ ಮೊದಲು ಕೇಳ್ತಿದ್ರಿ.”

ಹಾಗೇ ಕೇಳುತ್ತಿದ್ದೆ ಎಂಬುದು ಷಡಕ್ಷರಿಗೆ ಗೊತ್ತಿತ್ತು.

ನಂಜುಂಡಯ್ಯ ಮೋಟಾರ್ ಸೈಕಲ್ ತೆಗೆದುಕೊಂಡು, ಕಾಡಿನ ಹತ್ತಿರ ರಸ್ತೆಬದಿಯಲ್ಲಿ ಎಳನೀರು ಮಾರುವ ಮೂಗಯ್ಯನನ್ನು ಕಂಡು ಬಂದರು. “ಬಂದಿದ್ದ ಸ್ವಾಮಿ. ಕೆಂದೆಳನೀರು ಇರಲಿಲ್ಲ. ಗಾಡಿ ಬರೋಗಂಟ ಇಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಬೇರೇದು ತಕ್ಕೊಂಡೋಗು ಅಂದ್ರೆ, ಬೈತಾರೆ ಅಂದ,” ಎಂದು ಮೂಗಯ್ಯ ಹೇಳಿಕೆ ಕೊಟ್ಟಿದ್ದ.

ಸಂಜೆ ಐದರ ಮೇಲೆ ರುದ್ರಭೂಮಿ. ಷಡಕ್ಷರಿ ಮಫ್ತಿಯಲ್ಲಿ ಹೋದರು. ಕರಡಿಗೆಯನ್ನು ಠಾಣೆಯಲ್ಲೇ ಉಳಿಸಿ, ಒಳಗಿನ ಲಿಂಗವನ್ನು ಮಾತ್ರ ಬಿಳಿ ವಸ್ತ್ರದಲ್ಲಿ ಇಟ್ಟುಕೊಂಡು ಬಂದಿದ್ದರು. ಕಾನೂನಿನಲ್ಲಿ ಇದಕ್ಕೆ ಒಪ್ಪಿಗೆ ಇತ್ತೋ ಇಲ್ಲವೋ, ಅವರು ಯಾರನ್ನೂ ಕೇಳಲಿಲ್ಲ.

ಶಿವರುದ್ರಪ್ಪನವರನ್ನು ಗುಣಿಯೊಳಗೆ ಕೂರಿಸಿದ್ದರು. ಜಂಗಮರು ಲಿಂಗ ನೋಡಿ, “ಮಕ್ಕಳಿಲ್ಲ. ತಮ್ಮ ಇಡಲಿ,” ಅಂದರು. ಮೃತ್ಯುಂಜಯ ಗುಣಿಗೆ ಇಳಿದು ಕೈ ಚಾಚಿದ. ಕರ್ಚೀಫು ಇರಲಿಲ್ಲ. ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿಯಲ್ಲಿ ಬೊಬ್ಬೆ ಎದ್ದು ಅರಿಶಿನ ಮೆತ್ತಿತ್ತು. ಷಡಕ್ಷರಿ ವಸ್ತ್ರವನ್ನು ಕೊಡಲು ಬಗ್ಗಿದವರು ಅಲ್ಲೇ ತಡೆದರು.

“ಕಾಫಿ ಚೆಲ್ಲಿದ್ರೆ ಕೈ ಮೇಲೆ ಬೀಳ್ತದೆ,” ಎಂದು ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದರು. “ಕಾದಿದ್ದನ್ನ ಹಿಡಿದ್ರೆ ಮಾತ್ರ ತುದಿ ಸುಡೋದು.”

ಮೃತ್ಯುಂಜಯನ ಕೈ ಹಿಂದಕ್ಕೆ ಹೋಯಿತು. ಆಮೇಲೆ ಮತ್ತೆ ಚಾಚಿದ.

“ಮಣ್ಣಾಗಲಿ ಸ್ವಾಮಿ. ಬರ್ತೀನಿ.”

ಷಡಕ್ಷರಿ ಲಿಂಗ ಕೊಟ್ಟರು. ಮೃತ್ಯುಂಜಯ ಅದನ್ನು ಅಣ್ಣನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ. ಮೇಲೆ ಬಂದು ಮಣ್ಣು ಹಾಕಿದ. ಪ್ರೇಮಲೀಲಾ ಅವನ ಕೈಯನ್ನೇ ನೋಡುತ್ತಿದ್ದರು. ಜನ ಚದುರಿದ ಮೇಲೆ ಅವನೇ ಜೀಪಿನ ಹತ್ತಿರ ಬಂದು ಎರಡೂ ಕೈ ಮುಂದಿಟ್ಟ. ದಸ್ತಗಿರಿ ಅಲ್ಲೇ ಆಯಿತು.

ಠಾಣೆಯಲ್ಲಿ ಕೇಳುವ ಕೆಲಸ ಹೆಚ್ಚಿರಲಿಲ್ಲ.

“ಚಿಲಕ ಹಾಕಿದ್ದು ನೀನಾ?”

“ನಾನೇ.”

“ಕೊಲ್ಲಬೇಕು ಅಂತಲೇ ಕರ್ಕೊಂಡು ಹೋದೆಯಾ?”

“ಇಲ್ಲ ಸ್ವಾಮಿ. ಅಣ್ಣ ಒಂದು ದಿನ ಸುಖವಾಗಿರಲಿ ಅಂತಲೇ ಕರ್ಕೊಂಡೋದೆ. ನನಗೆ ಉಸಿರು ಕಟ್ಟಿತು, ಎದ್ದೆ. ಅಣ್ಣ ನಕ್ಕರು. ‘ಚಿಕ್ಕೋನಿದ್ದಾಗ ಬಚ್ಚಲುಮನೇಲಿ ಕೂಡಿ ಹಾಕಿದ್ರೆ ಅಳ್ತಿದ್ದೆ, ಈಗಲೂ ಅಂಗೇ ಕಣೋ ನೀನು’ ಅಂದ್ರು. ಹೊರಗೆ ಬಂದು ಪುಟ್ಟಮಾದಯ್ಯನ್ನ ಎಳನೀರಿಗೆ ಕಳಿಸಿದೆ. ಕೈ ಚಿಲಕಕ್ಕೆ ಹೋಯ್ತು.”

ಅಪ್ಪ ಸತ್ತಾಗ ಮೃತ್ಯುಂಜಯನಿಗೆ ಆರು ವರ್ಷ. ಸಾಕಿದ್ದು ಅಣ್ಣ. ತಪ್ಪು ಮಾಡಿದರೆ ಹೊಡೆಯುತ್ತಿರಲಿಲ್ಲ. ಒಲೆ ಹೊಗೆಯಾಡುವ ಬಚ್ಚಲುಮನೆಗೆ ಹಾಕಿ ಹೊರಗಿಂದ ಚಿಲಕ ಹಾಕುತ್ತಿದ್ದರು.

“ಒಳಗಿಂದ ‘ತಪ್ಪಾಯ್ತು ಅಣ್ಣಾ’ ಅಂದ್ರೆ ತೆಗೀತಿದ್ರು. ಎಷ್ಟು ಬಡಿದ್ರೂ, ಎಷ್ಟು ಅತ್ರೂ ತೆಗೀತಿರಲಿಲ್ಲ. ಆ ಮಾತು ಅನ್ನಬೇಕು, ಆಗ ತೆಗೀತಿದ್ರು.” ಅವನು ಕೈ ನೋಡಿಕೊಂಡ. “ಅಣ್ಣ ಮೊದಲು ಬೈದ್ರು. ಆಮೇಲೆ ಬಡಿದ್ರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಒಂದು ಸಲ ಆ ಮಾತು ಅನ್ನಲಿ, ತೆಗೀತೀನಿ ಅಂತ. ನಾನು ಅದಕ್ಕೆ ಕಾಯ್ತಾ ಇದೀನಿ ಅಂತ ಅವರಿಗೆ ಹೆಂಗೆ ಗೊತ್ತಾಗಬೇಕು? ಆಮೇಲೆ ಸದ್ದು ನಿಂತೋಯ್ತು.”

ಬಾಗಿಲು ತೆಗೆದಾಗ ಅಣ್ಣ ಬಿದ್ದಿದ್ದರು. ಒದ್ದೆಬಟ್ಟೆ ಒಣಗಿ ಕಳಚಿತ್ತು. ಬೆಳ್ಳಿ ಎದೆಗೆ ಹತ್ತಿಕೊಂಡಿತ್ತು. “ಅಣ್ಣಂಗೆ ಸುಡ್ತದಲ್ಲ ಅಂತ ತೆಗೆದೆ. ನೆಲಕ್ಕೆ ಇಡೋ ಹಂಗಿಲ್ಲ. ಎತ್ತರದ ಗೂಟಕ್ಕೆ ಹಾಕಿದೆ. ಆಮೇಲೆ ಹೆದರಿಕೆ ಆಯ್ತು. ಬಾಗಿಲು ಮುಚ್ಚಿ ರಸ್ತೆ ಕಡೆ ಓಡಿದೆ.”

“ಪುಟ್ಟಮಾದಯ್ಯನ ಹೆಸರು ಯಾಕೆ ಹೇಳಿದೆ?”

“ಹೇಳಿದ್ರೆ ನೀವು ನಂಬ್ತೀರಿ ಅಂತ.”

ನಂಜುಂಡಯ್ಯ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಷಡಕ್ಷರಿ, “ಬರ್ಕೊಳ್ರಿ,” ಅಂದರು.

ಹೇಳಿಕೆ ಮುಗಿದ ಮೇಲೆ ಅವರು ಲಾಕಪ್ಪಿನ ಬೀಗದ ಕೈಯನ್ನು ತಾವೇ ತೆಗೆದುಕೊಂಡು ಹೋದರು. ಚಿಲಕ ಬಿಗಿಯಾಗಿತ್ತು, ಎರಡು ಸಲ ಎಳೆಯಬೇಕಾಯಿತು. ಪುಟ್ಟಮಾದಯ್ಯ ಎದ್ದು ನಿಂತು ಟವೆಲು ಹೆಗಲಿಗೆ ಹಾಕಿಕೊಂಡ. ಷಡಕ್ಷರಿ ಹೇಳಬೇಕೆಂದಿದ್ದದ್ದೂ ಶಿವರುದ್ರಪ್ಪನವರು ಅನ್ನದೇ ಹೋದ ಆ ಒಂದೇ ಮಾತು. ಅದು ಬಾಯಿಗೆ ಬಂದು ನಿಂತಿತು.

“ಊಟ ಆಯ್ತಾ?” ಅಂದರು.

“ಅವಳು ಮುದ್ದೆ ತಂದವ್ಳೆ ಸ್ವಾಮಿ.”

ಹೊಂಗೆ ಮರದಡಿಯಿಂದ ಮುದ್ದಮ್ಮ ಎದ್ದು ಬಂದಳು. ಗಂಡನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಇನ್ಸ್‌ಪೆಕ್ಟರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಾದಳು. ಆಮೇಲೆ ಬುತ್ತಿಯ ಗಂಟು ಎತ್ತಿಕೊಂಡು, “ಬಾ, ಬಸ್ಸು ಹೊಂಟೋಯ್ತದೆ,” ಅಂದಳು.

ಅವರಿಬ್ಬರೂ ರಸ್ತೆ ದಾಟುವವರೆಗೂ ಷಡಕ್ಷರಿ, ತೆರೆದ ಬಾಗಿಲಿನ ಚಿಲಕ ಹಿಡಿದುಕೊಂಡೇ ನಿಂತಿದ್ದರು.