ಇಳಿಜಾರಿನಲ್ಲಿ ನಿಂತಿದ್ದ ಕಾರು

"ಕಾರು ಇಲ್ಲ," ಎಂದರು ಡ್ರೈವಿಂಗ್ ಸ್ಕೂಲಿನ ಮೇಡಂ, ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತೇ. "ರಾತ್ರಿ ಸ್ಕೂಲಿನ ಮುಂದೆ ಇತ್ತು. ಒಳಗೆ ಮೊಳೆಗೆ ನೇತುಹಾಕಿದ್ದ ಇನ್ನೊಂದು ಕೀಲಿಯೂ ಇಲ್ಲ."

"ಪೊಲೀಸರಿಗೆ ಹೇಳಿದ್ರಾ?" ಎಂದೆ.

"ಅವರು ಹುಡುಕೋ ಹೊತ್ತಿಗೆ ನನ್ನ ಸ್ಕೂಲೇ ಇರಲ್ಲ."

ನಮ್ಮತ್ತೆ ಕುರ್ಚಿ ತೋರಿಸಿದರು. ಜೀವನವಿಡೀ ಹಾಸ್ಟೆಲಿನ ವಾರ್ಡನ್ ಆಗಿದ್ದವರು ಅವರು. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ನಮ್ಮ ಮನೆಗೆ. ಯೋಚನೆ ಅವರದು, ಓಡಾಟ ಅಳಿಯನಾದ ನನ್ನದು.

ಮೇಡಂ ಹೇಳಿದ್ದಿಷ್ಟು. ಕಾರು ಕೊಂಡದ್ದು ಫೈನಾನ್ಸ್ ಕಂಪನಿಯ ಸಾಲದಲ್ಲಿ. ಕಟ್ಟುವ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ಕೊನೆಗೆ ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘ ಆ ಸಾಲ ತೀರಿಸಿ, ಹೆಚ್ಚುಕಡಿಮೆ ಅರ್ಧ ಬಡ್ಡಿಗೆ ಹೊಸ ಸಾಲ ಕೊಡಲು ಒಪ್ಪಿತ್ತು. ಸಾಲದ ಸಮಿತಿ ಸೇರುವುದು ಅಂದೇ ಸಂಜೆ. ಸಮಿತಿಯವರು ಕಾರನ್ನು ಕಣ್ಣಾರೆ ನೋಡಬೇಕು, ಸದಸ್ಯರೊಬ್ಬರು ಜಾಮೀನಿಗೆ ಸಹಿ ಹಾಕಬೇಕು. ತಪ್ಪಿದರೆ ಮುಂದಿನ ಸಭೆ ಮಳೆಗಾಲ ಕಳೆದ ಮೇಲೆ.

"ಅಲ್ಲಿವರೆಗೆ ಈ ಬಡ್ಡಿ ಕಟ್ಟಿದ್ರೆ ಬಾಡಿಗೆಗೆ ದುಡ್ಡು ಉಳಿಯಲ್ಲ. ಸ್ಕೂಲಿಗೆ ಬೀಗ ಹಾಕೋದೇ."

"ನಿನ್ನೆ ಸಂಜೆ ಒಳಗೆ ಯಾರ್ಯಾರು ಬಂದಿದ್ರು?" ಎಂದು ಅತ್ತೆ ಕೇಳಿದರು.

"ಮೂವರು. ಫೈನಾನ್ಸ್ ಏಜೆಂಟ್ ಬಂದು, ಸಂಘದ ಸಾಲ ಬೇಡ ಅಂತ ತಲೆ ತಿಂದ. ನನ್ನ ಮೈದುನ, ಕಾರು ಮಾರಿ ತನ್ನ ಕೋಳಿ ಫಾರಂಗೆ ದುಡ್ಡು ಹಾಕಿ ಅಂತ ಕೂತಿದ್ದ. ಆಮೇಲೆ ನಮ್ಮ ಫೋಟೋ ಸ್ಟುಡಿಯೋದವರು, ಜಾಮೀನಿನ ಸಹಿಗೆ. ಪಾಪ, ಕನ್ನಡಕ ಮರೆತು ಬಂದಿದ್ರು. ಹೋದ ವಾರ ಬೆರಳಿಗೆ ಗಾಯ ಆಗಿತ್ತು. ಇವತ್ತು ಖಂಡಿತ ಹಾಕ್ತೀನಿ ಅಂದಿದ್ದಾರೆ."

ಅತ್ತೆ ನನ್ನತ್ತ ತಿರುಗಿದರು. "ಅಳಿಯಂದ್ರೇ, ಸ್ವಲ್ಪ ಸುತ್ತಾಡ್ಕೊಂಡು ಬನ್ನಿ."

ಮಧ್ಯಾಹ್ನದೊಳಗೆ ಕಾರು ಸಿಕ್ಕಿತು. ಐಸ್ ಫ್ಯಾಕ್ಟರಿಯ ಹಿಂದಿನ ಇಳಿಜಾರು ಗಲ್ಲಿಯಲ್ಲಿ, ಒಂದು ಗೀರೂ ಇಲ್ಲದೆ ನಿಂತಿತ್ತು. ಗಾಜುಗಳು ಮೇಲಿದ್ದವು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಮುಂದಿನ ಚಕ್ರಗಳು ಫುಟ್‌ಪಾತಿನ ಕಡೆಗೆ ತಿರುಗಿದ್ದವು. ಫೋನ್ ಮಾಡಿ ಅತ್ತೆಯನ್ನೂ ಮೇಡಂ ಅವರನ್ನೂ ಕರೆಸಿದೆ.

"ಸಿಕ್ತಲ್ಲ, ತಗೊಂಡು ಹೋಗ್ತೀನಿ," ಎಂದರು ಮೇಡಂ.

"ಕಾರು ಸಿಕ್ಕಿದೆ, ಸಹಿ ಸಿಕ್ಕಿಲ್ಲ," ಎಂದರು ಅತ್ತೆ. "ಆ ಮೂವರನ್ನೂ ಇಲ್ಲಿಗೇ ಕರೆಸಿ."

ಐಸ್ ಫ್ಯಾಕ್ಟರಿಯವರ ಕುರ್ಚಿ ಹಾಕಿಸಿಕೊಂಡು ಅತ್ತೆ ಗಲ್ಲಿಯಲ್ಲೇ ಕೂತರು. ಮೂವರೂ ಬಂದಾಗ ಹೇಳಿದರು: "ಸಂಘಕ್ಕೆ ಒಯ್ಯೋ ಮುಂಚೆ ಬ್ರೇಕು ಗೀಕು ಸರಿ ಇದೆಯಾ ನೋಡ್ಬೇಕು. ಮೇಡಂ ಇನ್ನೂ ಗಾಬರೀಲಿದಾರೆ. ಒಬ್ಬೊಬ್ಬರೂ ಒಂದು ಸುತ್ತು ಹೋಗಿ ಇಲ್ಲೇ ತಂದು ನಿಲ್ಲಿಸಿ."

ಏಜೆಂಟ್ ಸುತ್ತು ಹೊಡೆದು, ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಇಳಿದ. ಮೈದುನ ಧೂಳೆಬ್ಬಿಸಿಕೊಂಡು ಬಂದು ಬ್ರೇಕು ಒತ್ತಿದ. ಚಕ್ರ ನೇರವಾಗಿಯೇ ಇತ್ತು. "ಲಾರಿಯವರ ಹತ್ರ ಕಲಿತವನು ಅತ್ತಿಗೆ, ನಿಮ್ಮ ಪಾಠ ನಮಗೆ ಹಿಡಿಸಲ್ಲ," ಎಂದ.

ಸ್ಟುಡಿಯೋದವರು ಕೂತ ಕೂಡಲೇ ಕನ್ನಡಿ ಸರಿಮಾಡಿಕೊಂಡರು. ಮೆಲ್ಲಗೆ ಹೋಗಿ ಬಂದರು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ತಿರುಗಿಸಿದರು. ಮುಂದಿನ ಚಕ್ರಗಳು ಫುಟ್‌ಪಾತಿನತ್ತ ತಿರುಗಿದವು.

ಅವರ ಕೈ ಸ್ಟೀರಿಂಗಿನ ಮೇಲೇ ಉಳಿಯಿತು.

"ಕಂತು ತಪ್ಪದ ಕಾರನ್ನ ಮುಟ್ಟಿದ್ರೆ ಏಜೆಂಟನ ಕೆಲಸವೇ ಹೋಗುತ್ತೆ," ಎಂದರು ಅತ್ತೆ. "ಮೈದುನ ಒಯ್ದಿದ್ರೆ ಇಷ್ಟು ಹತ್ತಿರ ಬಿಡ್ತಿರಲಿಲ್ಲ, ಇಷ್ಟು ಜೋಪಾನವಾಗಿ ನಿಲ್ಲಿಸ್ತಾನೂ ಇರ್ಲಿಲ್ಲ. ಒಯ್ದವರಿಗೆ ಕಾರು ಬೇಕಾಗಿರಲಿಲ್ಲ. ಇವತ್ತು ಸಂಜೆ ಒಂದು ಕಳೀಬೇಕಿತ್ತು, ಅಷ್ಟೇ. ಇಳಿಜಾರಲ್ಲಿ ಕಾರು ಉರುಳದಂತೆ ಹೀಗೆ ಚಕ್ರ ತಿರುಗಿಸೋದನ್ನ ಈ ಬೀದೀಲಿ ಕಲಿಸೋರು ಮೇಡಂ ಒಬ್ಬರೇ, ಈ ಮೂವರಲ್ಲಿ ಅವರ ಹತ್ರ ಕಲಿತೋರು ನೀವೊಬ್ಬರೇ. ಉಳಿದದ್ದು ಕನ್ನಡಕ, ಬೆರಳು. ಹಾಸ್ಟೆಲಲ್ಲಿ ಇಂಥ ನೆಪ ಎಷ್ಟು ಕೇಳಿದೀನೋ."

ಸ್ಟುಡಿಯೋದವರು ತಲೆ ತಗ್ಗಿಸಿದರು. "ಹಿಂದೊಮ್ಮೆ ಭಾವನಿಗೆ ಜಾಮೀನು ನಿಂತು ಕ್ಯಾಮೆರಾನೇ ಮಾರ್ಕೊಂಡೆ. ಮೇಡಂ ಕೇಳಿದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಸಭೆ ಮುಗಿದ ಮೇಲೆ ತಂದು ನಿಲ್ಲಿಸ್ತಿದ್ದೆ."

"ಲೈಸೆನ್ಸಿಗೆ ನೀವು ಸಾಲಾಗಿ ಫೇಲಾದಾಗ ನಾನು ಒಂದ್ಸಲನಾದ್ರೂ ಗದರಿದ್ನಾ?" ಎಂದರು ಮೇಡಂ. "ಆಗಲ್ಲ ಅಂದಿದ್ರೆ ಇನ್ನೊಬ್ಬರನ್ನ ಕೇಳ್ತಿದ್ದೆ."

"ಆಗಲ್ಲ ಮೇಡಂ," ಎಂದರು ಅವರು, ಈ ಸಲ ಮುಖ ನೋಡಿಯೇ.

ಅತ್ತೆ ನನ್ನತ್ತ ನೋಡಿದರು. ಫ್ರಿಜ್ ಕೊಳ್ಳಲು ಸಾಲ ತೆಗೆದಂದಿನಿಂದ ನಾನೂ ಆ ಸಂಘದ ಸದಸ್ಯ. ಸ್ಟುಡಿಯೋದವರ ಸಂಕಟ ಏನೆಂದು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ಏಜೆಂಟನನ್ನೇ ಕೇಳಿದೆ: "ಇವರು ಕಂತು ಯಾವತ್ತಾದ್ರೂ ತಪ್ಪಿಸಿದಾರಾ?"

"ಒಂದೂ ಇಲ್ಲ ಸಾರ್. ಇಂಥವರನ್ನ ಬಿಟ್ಕೊಡ್ಬೇಕಲ್ಲ ಅಂತಲೇ ನಮಗೆ ಹೊಟ್ಟೆ ಉರಿ."

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಜಾಮೀನಿನ ಕಾಗದವನ್ನು ಕಾರಿನ ಬಾನೆಟ್ ಮೇಲೇ ಇಟ್ಟು ಸಹಿ ಹಾಕಿದೆ.

"ಜಾಮೀನು ನಿಂತ ಮೇಲೆ ಓಡಿಸೋದೂ ಕಲೀರಿ," ಎಂದರು ಅತ್ತೆ. ಹಾಗಾಗಿ ಸಂಘಕ್ಕೆ ಕಾರು ಓಡಿಸಿದ್ದು ನಾನೇ. ಪಕ್ಕದ ಸೀಟಿನಲ್ಲಿ ಮೇಡಂ, ಅವರ ಕಾಲ ಕೆಳಗೆ ಕಲಿಸುವವರ ಬ್ರೇಕು, ಹಿಂದೆ ಅತ್ತೆ. ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ ಆಫ್ ಆಯಿತು. ಮೇಡಂ ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ.

"ಮೊದಲು ಕನ್ನಡಿ," ಎಂದರು.